ಬಾಗಿಲಿಗಿಟ್ಟ ಇಟ್ಟಿಗೆ

ಕಡಲ ಸಂಶೋಧನೆಯ ಆ ದೊಡ್ಡ ಕಟ್ಟಡದಲ್ಲಿ ಮೂರು ಮಹಡಿ, ಎಪ್ಪತ್ತು ಕೋಣೆ. ಒಂದೊಂದು ಬಾಗಿಲ ಮೇಲೂ ಒಂದೊಂದು ಹಿತ್ತಾಳೆ ಫಲಕ. ನೆಲಮಾಳಿಗೆಯ ಕೊನೆಯ ಕೋಣೆಗೆ ಮಾತ್ರ ಫಲಕವಿಲ್ಲ. ಬೇಕಾಗಿಯೂ ಇಲ್ಲ, ಗರಗಸದ ಕಿರ್ರೋ ಸದ್ದಿನ ಜಾಡು ಹಿಡಿದು ಹೋದರೆ ಎಂಥವರೂ ಅಲ್ಲಿಗೆ ತಲುಪುತ್ತಾರೆ. ಮೊಣಕೈವರೆಗೆ ರಬ್ಬರ್ ಗ್ಲೌಸು, ಕೊರಳಿಂದ ಮಂಡಿಯವರೆಗೆ ಕಲೆ ಬಿದ್ದ ದಪ್ಪ ಏಪ್ರನ್, ಹಣೆಗೆ ಏರಿಸಿದ ಕನ್ನಡಕ, ಹೀಗೆ ಐವತ್ತೈದರ ಒಬ್ಬ ಹೆಂಗಸು ಅಲ್ಲಿ ನಿಂತಿರುತ್ತಾಳೆ. ಮಹಡಿಯ ಮೇಲಿನ ವಿದ್ವಾಂಸರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಕಲ್ಲಕ್ಕ.

ಕಲ್ಲಕ್ಕನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣ ಹೋಗುತ್ತದೆ. ಹಡಗಿನವರು ಕಡಲ ತಳದಿಂದ ಕಲ್ಲು ಎತ್ತಿ ತರುತ್ತಾರೆ. ಉಪ್ಪುನೀರಿನಲ್ಲಿ ನೆನೆದು ಹಾಳಾದ ಅದರ ಸಿಪ್ಪೆಯನ್ನು ಇವಳು ಗರಗಸದಲ್ಲಿ ಕೊಯ್ದು ತೆಗೆಯುತ್ತಾಳೆ. ಉಳಿದದ್ದನ್ನು ಪುಡಿ ಮಾಡುತ್ತಾಳೆ, ತೊಳೆಯುತ್ತಾಳೆ, ಮತ್ತೆ ತೊಳೆಯುತ್ತಾಳೆ. ಒಂದು ಬಕೆಟ್ ಕಲ್ಲು ಕೊನೆಗೆ ಉಗುರಿನ ತುದಿಗೆ ಅಂಟುವಷ್ಟು ಪುಡಿಯಾಗುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉಸಿರು ಬಿಗಿಹಿಡಿದು, ಸೂಜಿಯ ಮೊನೆಯಲ್ಲಿ ಜಿರ್ಕಾನ್ ಎಂಬ ಹರಳುಗಳನ್ನು ಒಂದೊಂದಾಗಿ ಆರಿಸಬೇಕು. ಈ ಜಿರ್ಕಾನ್ ಮಹಾ ಹಠಮಾರಿ. ಬೆಂಕಿಗೂ ನೀರಿಗೂ ಸುಲಭಕ್ಕೆ ಜಗ್ಗುವುದಿಲ್ಲ. ತಾನು ಹುಟ್ಟಿದ ಕಾಲವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಎರಡನೇ ಮಹಡಿಯ ಯಂತ್ರಕ್ಕೆ ಕೊಟ್ಟರೆ ಹತ್ತು ನಿಮಿಷದಲ್ಲಿ ಅದರ ವಯಸ್ಸು ಬಾಯಿಬಿಡಿಸುತ್ತದೆ.

ಅವಳಲ್ಲಿ ವಿನಯ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಅವಳು ಒಂದು ಕಲ್ಲನ್ನು "ಆಯ್ತು" ಎಂದು ಕೊಟ್ಟರೆ ಅದು ಆಯಿತು. ಯಾರಾದರೂ "ಇನ್ನೊಂದು ಸಲ ತೊಳೀಬಹುದಿತ್ತೇನೋ" ಎಂದು ಬಾಯಿ ತೆರೆದರೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಅವರನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾಳೆ. ಅಷ್ಟಕ್ಕೇ ಅವರಿಗೆ ಮಹಡಿಯ ಮೇಲೆ ಏನೋ ಕೆಲಸ ನೆನಪಾಗುತ್ತದೆ.

ಆ ವರ್ಷ ಒಂದು ಹಡಗು ನಡುಗಡಲಿನ ಮುಳುಗಿದ ಬೆಟ್ಟವೊಂದರಿಂದ ಹನ್ನೊಂದು ಕಲ್ಲು ತಂದಿತ್ತು. ತಂದವಳು ನಲವತ್ತರ ಆಸುಪಾಸಿನ ಮೇಡಂ. ಮೊದಲ ಸಲ ತಾನೇ ಮುಂದಾಳಾಗಿ ಕಡಲಿಗಿಳಿದವಳು, ಮಾತಿಗಿಂತ ಮುಂಚೆ ನಗುವವಳು. ಕಪ್ಪು ಕಲ್ಲುಗಳು, ಬೆಂಕಿಬೆಟ್ಟದ ಲಾವಾ ತಣ್ಣಗಾಗಿ ಆದವು. ವಯಸ್ಸು ತೊಂಬತ್ತು ಲಕ್ಷ ವರ್ಷ. ಕಲ್ಲುಗಳ ಲೆಕ್ಕದಲ್ಲಿ ಇದು ಹಸುಗೂಸು. ಕಲ್ಲಕ್ಕ ಅವನ್ನು ಜಾಲಾಡಿ ಎಂಟು ಹರಳು ಆರಿಸಿ ಕೊಟ್ಟಳು.

ಮೂರನೇ ದಿನ ಮೇಡಂ ಮೆಟ್ಟಿಲನ್ನು ಎರಡೆರಡಾಗಿ ಹಾರಿ ನೆಲಮಾಳಿಗೆಗೆ ಬಂದಳು. ಈ ಸಲ ನಗುತ್ತಿರಲಿಲ್ಲ.

"ಅಕ್ಕಾ, ಕೂತ್ಕೊಳ್ಳಿ."

"ಕೂರೋ ಕೆಲಸ ನಂದಲ್ಲ. ಹೇಳಿ."

"ಎಂಟಕ್ಕೆ ಎಂಟೂ ಮುನ್ನೂರು ಕೋಟಿ ವರ್ಷದ ಆಸುಪಾಸು."

ಕಲ್ಲಕ್ಕ ಗರಗಸ ನಿಲ್ಲಿಸಿದಳು. ಮನೆ ಕಟ್ಟಿ ಒಂಬತ್ತು ವರ್ಷವಾಗಿದೆ, ಅಟ್ಟದಲ್ಲಿ ಮೂರು ಸಾವಿರ ವರ್ಷದ ಪಾತ್ರೆ ಸಿಕ್ಕಿದೆ ಎಂದರೆ ಹೇಗೋ ಹಾಗಿತ್ತು ಇದು. ಅಷ್ಟು ಹಳೆಯ ಹರಳು ಕಡಲ ತಳದಲ್ಲಿ ಹುಟ್ಟುವುದಿಲ್ಲ, ಭೂಖಂಡದಲ್ಲಿ ಮಾತ್ರ. ಹಾಗಾದರೆ ಲಾವಾ ಕೆಳಗಿನಿಂದ ಮೇಲೆ ಬರುವಾಗ ಯಾವುದೋ ಹಳೆಯ ನೆಲವನ್ನು ಸೀಳಿಕೊಂಡು, ಅದರ ಚೂರುಗಳನ್ನು ಹೊತ್ತುಕೊಂಡು ಬಂದಿರಬೇಕು. ಎಂದರೆ ಆ ನಡುಗಡಲಿನ ಅಡಿಯಲ್ಲಿ, ಲಾವಾದ ಹೊದಿಕೆಯ ಕೆಳಗೆ, ಒಂದು ಇಡೀ ಖಂಡದ ತುಂಡು ಮುಳುಗಿ ಮಲಗಿದೆ. ಒಂದು ಕಾಲದಲ್ಲಿ ಅದರ ಮೇಲೂ ಮಳೆ ಸುರಿದಿರಬೇಕು, ಹೊಳೆ ಹರಿದಿರಬೇಕು.

ಹಾಗಲ್ಲದಿದ್ದರೆ ಇನ್ನೊಂದೇ ದಾರಿ. ಹರಳುಗಳು ಕಡಲಿನವಲ್ಲ, ಕಲ್ಲಕ್ಕನ ಕೋಣೆಯವು.

ಈ ಎರಡನೇ ದಾರಿ ಹಿಡಿದು ಅದೇ ಮಧ್ಯಾಹ್ನ ನಿರ್ದೇಶಕರು ಕೆಳಗಿಳಿದು ಬಂದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಎಂದೂ ಗಟ್ಟಿ ದನಿಯಲ್ಲಿ ಮಾತಾಡಿದವರಲ್ಲ. ಕೋಣೆಯ ಮೂಲೆ ಮೂಲೆಗೂ ಕಣ್ಣಾಡಿಸಿ ಒಂದೇ ಮಾತು ಕೇಳಿದರು.

"ಇಟ್ಟಿಗೆ ಎಲ್ಲಿದೆ ಅಮ್ಮ?"

ಕಲ್ಲು ಕೊಯ್ಯುವ ಗರಗಸದ ಅಂಚಿಗೆ ವಜ್ರದ ಪುಡಿ ಕೂರಿಸಿರುತ್ತಾರೆ. ಕೊಯ್ದು ಕೊಯ್ದು ಅಂಚು ಮೊಂಡಾದಾಗ ಒಂದು ಇಟ್ಟಿಗೆಗೆ ನಾಲ್ಕು ಗೀರು ಹಾಕಿದರೆ ಮತ್ತೆ ಹರಿತವಾಗುತ್ತದೆ. ಕಲ್ಲು ಕೊಯ್ಯುವವರೆಲ್ಲ ಮಾಡುವ ಉಪಾಯ ಇದು. ಆದರೆ ಇಟ್ಟಿಗೆಯೆಂದರೆ ಯಾವುದೋ ಹೊಳೆಯ ಮಣ್ಣು, ಮರಳು. ಅದರಲ್ಲೂ ಜಿರ್ಕಾನ್ ಇರುತ್ತದೆ. ಒಂದು ಕಣ ಗರಗಸಕ್ಕೆ ಅಂಟಿಕೊಂಡು ಮುಂದಿನ ಕಲ್ಲಿಗೆ ಸೇರಿದರೆ ಅಲ್ಲಿಗೆ ಮುಗಿಯಿತು, ಇಟ್ಟಿಗೆಯ ವಯಸ್ಸು ಕಲ್ಲಿನ ತಲೆಗೆ ಬರುತ್ತದೆ.

ಕಲ್ಲಕ್ಕ ಡ್ರಾಯರ್ ಎಳೆದು ಕಾರ್ಖಾನೆಯಲ್ಲಿ ಮಾಡಿದ ಬಿಳಿ ಸಾಣೆಕಡ್ಡಿಯನ್ನು ಅವರ ಮುಂದಿಟ್ಟಳು. ಮರಳಿನ ಸೋಂಕಿಲ್ಲದ ಕಡ್ಡಿ ಅದು.

"ಈ ಕೋಣೆಯಿಂದ ಇಟ್ಟಿಗೆ ಆಚೆ ಹೋಗಿ ಮೂವತ್ತೊಂದು ವರ್ಷ ಆಯ್ತು ಸರ್. ಯಾಕೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ನಿರ್ದೇಶಕರು ಮುಖ ಆಚೆ ತಿರುಗಿಸಿದರು. ಅವಳು ಬಿಡಲಿಲ್ಲ. ಗೋಡೆಯ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆದು ಅವರ ಕೈಗಿತ್ತಳು. ಪ್ರತಿ ಕಲ್ಲಿಗೆ ಮುಂಚೆ ಅವಳು ಒಂದು ತುಂಡು ಶುದ್ಧ ಗಾಜನ್ನು ಅದೇ ಗರಗಸದಲ್ಲಿ ಕೊಯ್ದು, ಅದೇ ಒರಳಿನಲ್ಲಿ ಪುಡಿ ಮಾಡಿ, ಅದೇ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೀಸೆಯಲ್ಲಿ ಹಾಕಿ ತಾರೀಕು ಬರೆದಿಡುತ್ತಿದ್ದಳು. ಗಾಜಿನಲ್ಲಿ ಹರಳು ಇರಬಾರದು. ಇದ್ದರೆ ಕೋಣೆ ಕೊಳಕು ಎಂದರ್ಥ. ಇದು ವ್ಯರ್ಥ ಕಸರತ್ತು ಎಂದು ಎಷ್ಟು ಜನ ಮೂಗು ಮುರಿದರೂ ಅವಳು ಸೊಪ್ಪು ಹಾಕಿರಲಿಲ್ಲ.

"ಹನ್ನೊಂದು ಕಲ್ಲು, ಹನ್ನೊಂದು ಸೀಸೆ. ಒಂದ್ರಲ್ಲಾದ್ರೂ ಒಂದು ಹರಳು ತೋರಿಸಿ, ಇವತ್ತೇ ಏಪ್ರನ್ ಬಿಚ್ಚಿಟ್ಟು ಹೋಗ್ತೀನಿ."

ಎರಡು ದಿನ ಹುಡುಕಿದರು. ಒಂದೂ ಸಿಗಲಿಲ್ಲ. ಸಾಲದ್ದಕ್ಕೆ ಆ ಕಲ್ಲುಗಳ ಉಳಿದ ಅರ್ಧವನ್ನು ಬೇರೊಂದು ದೇಶದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯವರು ಗರಗಸ ಮುಟ್ಟಿಸದೆ ಸುತ್ತಿಗೆಯಲ್ಲೇ ಒಡೆದು ನೋಡಿ, ನಮಗೂ ಐದು ಹರಳು ಸಿಕ್ಕಿವೆ, ಅವೂ ಮುನ್ನೂರು ಕೋಟಿ ಎಂದು ಬರೆದರು. ಮೇಡಂ ಕಾರಿಡಾರಿನಲ್ಲೇ ಕಲ್ಲಕ್ಕನನ್ನು ತಬ್ಬಿಕೊಂಡಳು. ಏಪ್ರನ್ನಿನ ಕೆಸರು ಅವಳ ಒಳ್ಳೆಯ ಅಂಗಿಗೆಲ್ಲ ಮೆತ್ತಿತು.

ಕಲ್ಲಕ್ಕ ಖುಷಿಪಡಬೇಕಿತ್ತು. ಪಟ್ಟಳು ಕೂಡ, ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು. ಲೋಟ ತೊಳೆಯುವಾಗ ಒಂದು ಯೋಚನೆ ಬಂತು. ನನ್ನ ಹರಳು ಕಡಲಿನದೇ ಆದರೆ ಮಾವನ ಹರಳು ಎಲ್ಲಿಯದು?

ಆ ಕೋಣೆ ಅವಳಿಗಿಂತ ಮುಂಚೆ ಅವಳ ಮಾವನದು, ಗಂಡನ ಅಪ್ಪನದು. ಇಪ್ಪತ್ತಾರು ವರ್ಷ ಅವರು ಅಲ್ಲಿ ಕಲ್ಲು ಕೊಯ್ದವರು. ಮೂವತ್ತಮೂರು ವರ್ಷದ ಹಿಂದೆ ಹೀಗೇ ಕಪ್ಪು ಕಲ್ಲೊಂದರಿಂದ ಮೂರು ಹರಳು ಆರಿಸಿ ಕೊಟ್ಟರು. ಕಡಲಾಚೆಗೆ ಕಳಿಸಿ, ವರ್ಷ ಕಾದು, ಮುನ್ನೂರು ಕೋಟಿ ಎಂದು ಉತ್ತರ ಬಂದಾಗ ಕಟ್ಟಡವೆಲ್ಲ ಕುಣಿದಾಡಿತ್ತು. ಮುಳುಗಿದ ಖಂಡ ಸಿಕ್ಕಿತು ಎಂದು ಪತ್ರಿಕೆಗಳು ಬರೆದವು. ಆಮೇಲೆ ಒಬ್ಬ ಹೊಸ ಸಂಶೋಧಕ ನೆಲಮಾಳಿಗೆಗೆ ಬಂದು ಗರಗಸದ ಪಕ್ಕ ಒಂದು ಇಟ್ಟಿಗೆ ನೋಡಿದ.

ಸಭೆ ಕರೆದರು. ಕಲ್ಲು ಕೊಯ್ದ ದಿನ ಇಟ್ಟಿಗೆ ಬಳಸಿದ್ದಿರಾ ಎಂದು ಕೇಳಿದರು. ಹೌದು ಎಂದರು ಮಾವ. ಅದರ ಮರಳು ಸೇರಿರಬಹುದೇ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ತಲೆ ತಗ್ಗಿಸಿ, ಸೇರಿರಬಹುದು ಎಂದರು. ಮುಗಿಯಿತು. ಪ್ರಕಟವಾದದ್ದನ್ನು ಹಿಂದಕ್ಕೆ ಪಡೆದರು, ಖಂಡ ಮತ್ತೆ ಮುಳುಗಿತು. ಮಾವ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ, ಇಟ್ಟಿಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಗಾಳಿಗೆ ಬಡಿಯುವ ಅಡುಗೆಮನೆ ಬಾಗಿಲಿಗೆ ಅದನ್ನು ಒತ್ತಿಟ್ಟರು. ಮತ್ತೆ ಆ ಕಟ್ಟಡದ ಕಡೆ ತಲೆಹಾಕಿಯೂ ಮಲಗಲಿಲ್ಲ.

ಆಗ ಕಲ್ಲಕ್ಕ ಮದುವೆಯಾಗಿ ಎರಡು ವರ್ಷದ ಸೊಸೆ. ಕೋಣೆ ಖಾಲಿ ಬಿದ್ದು, ಕಟ್ಟಡದವರು ಮಗನಾದರೂ ಬರಲಿ ಎಂದು ಹೇಳಿಕಳಿಸಿದರು. ಅವಳ ಗಂಡ ದೋಣಿ ಎಂಜಿನ್ ರಿಪೇರಿಯವನು. "ನನಗೆ ಕಲ್ಲೂ ಒಂದೇ ಕಲ್ಲಂಗಡೀನೂ ಒಂದೇ" ಎಂದು ಕೈಕೊಡವಿಬಿಟ್ಟ. ನಾನು ಹೋಗುತ್ತೇನೆ ಎಂದವಳು ಅವಳು. ಮಾವ ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಗಾಜಿನ ಹಲಗೆ ಹಾಸಿ, ನೀರು ಚಿಮುಕಿಸಿ, ಸೊಸೆಯ ಬೆರಳ ಮೇಲೆ ತಮ್ಮ ಬೆರಳಿಟ್ಟು ಕಲ್ಲು ಉಜ್ಜುವುದನ್ನು ಕಲಿಸಲು ಕೂತರು. ಮೊದಲ ಪಾಠ ಬಾಯಿಮಾತಿನದು: ಕೋಣೆಯೊಳಗೆ ಇಟ್ಟಿಗೆ ಬರಕೂಡದು. ಗಾಜು ಕೊಯ್ದು ನೋಡುವ ಪಾಠವೂ ಅವರದೇ. ತಮಗೆ ಹೊಡೆತ ಬಿದ್ದ ಜಾಗವನ್ನೆಲ್ಲ ಅವರು ಸೊಸೆಗೆ ಗಟ್ಟಿ ಮಾಡಿಕೊಟ್ಟಿದ್ದರು.

ಲೋಟ ಒರೆಸಿಟ್ಟು ಅವಳು ಹಳೆಯ ದಫ್ತರು ತೆಗೆದಳು. ಮಾವನ ಗುಂಡಗಿನ ಅಕ್ಷರ. ಆ ಕಲ್ಲು ಎತ್ತಿದ ಜಾಗದ ಅಂಕಿಗಳನ್ನು ಮೇಡಂ ನಕ್ಷೆಯ ಮೇಲೆ ಗುರುತು ಮಾಡಿದಳು. ಗುರುತು ಬಿದ್ದದ್ದು ಅದೇ ಮುಳುಗಿದ ಬೆಟ್ಟದ ತೆಂಕಣ ಮಗ್ಗುಲಿಗೆ.

ಅಂದು ಸಂಜೆ ಮನೆಗೆ ಹೋದಾಗ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಎಂಬತ್ತನಾಲ್ಕು ವರ್ಷ, ಆದರೂ ಬೆರಳು ನಡುಗುತ್ತಿರಲಿಲ್ಲ. ಇಟ್ಟಿಗೆ ತನ್ನ ಜಾಗದಲ್ಲಿತ್ತು, ಮೇಲೆ ಗರಗಸದ ಗೀರುಗಳು. ಮೂವತ್ತೊಂದು ವರ್ಷ ದಿನಾ ಕಾಲ ಹೆಬ್ಬೆರಳಿಂದ ಅದನ್ನು ಸರಿಸಿ ಕಸ ಗುಡಿಸಿದ್ದಳು ಅವಳು. ಒಂದು ದಿನವೂ ಅದರ ಮುಖ ನೋಡಿರಲಿಲ್ಲ.

"ಮಾವ, ಇದನ್ನ ನಾಳೆ ಕೆಲಸಕ್ಕೆ ತಗೊಂಡು ಹೋಗ್ತೀನಿ."

"ಅದರ ತಂಟೆಗೆ ಹೋಗ್ಬೇಡ."

"ಇದರಲ್ಲಿ ಎಂಥ ಹರಳಿದೆ ಅಂತ ಆವತ್ತು ಯಾರಾದ್ರೂ ನೋಡಿದ್ರಾ?"

"ನೋಡೋದೇನಿತ್ತು? ನಾನೇ ಒಪ್ಕೊಂಡೆನಲ್ಲ."

"ಒಪ್ಕೊಂಡ್ರಿ. ನೋಡ್ಲಿಲ್ಲ." ಅವಳು ಅವರ ಮುಂದೆ ನೆಲದ ಮೇಲೆ ಕೂತು, ಎಂಟು ಹರಳಿನ ಕಥೆ, ನಕ್ಷೆಯ ಕಥೆ ಎಲ್ಲ ಹೇಳಿದಳು.

ಮಾವ ಬಟಾಣಿ ಸಿಪ್ಪೆಯನ್ನು ಬೆರಳಲ್ಲಿ ಮಡಚಿದರು. ಆಮೇಲೆ ಹೇಳಿದರು, "ಹೊಳೆ ಮರಳಿಗೂ ಮುನ್ನೂರು ಕೋಟಿ ಇರಬಹುದು ಕಣಮ್ಮ. ಎಲ್ಲಿಂದೆಲ್ಲಿಂದಲೋ ಹರಿದು ಬಂದಿರುತ್ತೆ. ಇದರಲ್ಲೂ ಅದೇ ಇದ್ರೆ? ಇಷ್ಟು ವರ್ಷ 'ಇರಬಹುದು' ಅಂತ ಹೇಗೋ ಬದುಕಿಬಿಟ್ಟೆ. 'ಇದೆ' ಅಂತಾಗಿಬಿಟ್ರೆ ಯಾವ ಮುಖ ಇಟ್ಕೊಂಡು ಸಾಯಲಿ?"

"ಇರೋದಿಲ್ಲ."

"ಅದು ಹೇಗೆ ಅಷ್ಟು ಗಟ್ಟಿಯಾಗಿ ಹೇಳ್ತೀಯ?"

"ನಿಮ್ಮ ಕೈ ನನಗೆ ಗೊತ್ತು. ಇಟ್ಟಿಗೆ ಬಳಸಿದ್ಮೇಲೆ ಗರಗಸ ತೊಳೀದೆ ಕಲ್ಲಿಗೆ ಇಡೋ ಕೈ ಅಲ್ಲ ಅದು. ನೀವೇ ಅದನ್ನ ನಂಬ್ಲಿಲ್ಲ, ಅಷ್ಟೇ."

ಮಾವ ಕುರ್ಚಿಯ ತೋಳು ಹಿಡಿದು ಎದ್ದು, ನಿಧಾನವಾಗಿ ಬಗ್ಗಿ, ಇಟ್ಟಿಗೆಯನ್ನು ತಾವೇ ಎತ್ತಿ ಅವಳ ಮಡಿಲಿಗಿಟ್ಟರು. "ತಗೊಂಡು ಹೋಗು. ಬಾಗಿಲು ಬಡ್ಕೊಂಡ್ರೆ ಬಡ್ಕೊಳ್ಳಲಿ" ಎಂದರು.

ಬಾಗಿಲು ಬಡಿದುಕೊಂಡಿತು, ಒಂದಿಡೀ ವಾರ. ಗಾಳಿ ಬಂದಾಗಲೆಲ್ಲ ಧಡ್ ಎನ್ನುವುದು, ಮನೆಮಂದಿಯೆಲ್ಲ ಬೆಚ್ಚುವುದು. ಗಂಡ ಒಂದು ಹಳೆಯ ಪಿಸ್ಟನ್ ತಂದು ಅಡ್ಡ ಇಟ್ಟ. ಎಣ್ಣೆ ಕಲೆ ಬಿತ್ತು ಎಂದು ಬೈಸಿಕೊಂಡು ತೆಗೆದ.

ಮಾವನ ಮೊದಲ ಪಾಠವನ್ನು ಕಲ್ಲಕ್ಕ ಆಗಲೂ ಮುರಿಯಲಿಲ್ಲ. ಇಟ್ಟಿಗೆಯನ್ನು ಕೋಣೆಯೊಳಗೆ ಬಿಟ್ಟುಕೊಳ್ಳದೆ, ಕಟ್ಟಡದ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಹೊಸ ಒರಳು, ಹೊಸ ಬಕೆಟ್ಟು, ಹೊಸ ಜರಡಿ ಇಟ್ಟುಕೊಂಡು ಕೂತಳು. ಅರ್ಧ ಇಟ್ಟಿಗೆಯನ್ನು ಒಡೆದು ಕುಟ್ಟಿದಳು. ಅವಳು ಕುಟ್ಟುವ ಸದ್ದಿಗೆ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಸ್ವಲ್ಪ ಹೊತ್ತಿಗೆ ನಿರ್ದೇಶಕರೇ ಕೆಳಗೆ ಬಂದು ನಿಂತರು.

"ಏನಮ್ಮ ಇದು?"

"ಇಟ್ಟಿಗೆ ಸರ್. ನೀವು ಕಂಡಿದ್ದೇ."

ಮೂವತ್ತೊಂದು ವರ್ಷದ ಹಿಂದಿನ ಆ ಹೊಸ ಸಂಶೋಧಕ ಇವರೇ. ಅವರು ಬಗ್ಗಿ ಉಳಿದರ್ಧವನ್ನು ಕೈಗೆತ್ತಿಕೊಂಡು ಗೀರುಗಳ ಮೇಲೆ ಹೆಬ್ಬೆರಳಾಡಿಸಿದರು. ಸಿಟ್ಟಾಗುತ್ತಾರೇನೋ ಎಂದು ಬಕೆಟ್ ಹಿಡಿದಿದ್ದ ಮೇಡಂ ಅವರ ಮುಖವನ್ನೇ ನೋಡುತ್ತಿದ್ದಳು. ಕಲ್ಲಕ್ಕ ನೋಡಲಿಲ್ಲ, ತನ್ನ ಪಾಡಿಗೆ ಕುಟ್ಟುತ್ತಿದ್ದಳು.

"ಇಟ್ಟಿಗೆ ಇದೆ ಅಂದೆ, ಇಟ್ಟಿಗೇಲಿ ಏನಿದೆ ಅಂತ ಕೇಳ್ಲಿಲ್ಲ" ಎಂದರು ನಿರ್ದೇಶಕರು. "ಇದನ್ನ ಆವತ್ತೇ ನಾನು ಮಾಡ್ಬೇಕಿತ್ತು. ಗುರುವಾರ ಯಂತ್ರದ ಸರದಿ ನಂದು. ಇಡೀ ದಿನ ನೀವು ತಗೊಳ್ಳಿ."

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಶುರುವಾಯಿತು. ಇಟ್ಟಿಗೆಯಿಂದ ಆರಿಸಿದ್ದು ನಲವತ್ತು ಹರಳು, ಒಂದೊಂದಕ್ಕೆ ಹತ್ತು ನಿಮಿಷ. ಮೇಡಂ ಪರದೆಯ ಮುಂದೆ, ನಿರ್ದೇಶಕರು ಕಿಟಕಿಯ ಹತ್ತಿರ, ಕಲ್ಲಕ್ಕ ಜೀವನದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ಕುರ್ಚಿಯ ಮೇಲೆ. ಮೊದಲನೆಯದು ಐವತ್ತಾರು ಕೋಟಿ. ಎರಡನೆಯದು ಅರವತ್ತೊಂದು. ಮೂರು, ನಾಲ್ಕು, ಐದು, ಎಲ್ಲ ಅಲ್ಲಲ್ಲೇ. ಮಧ್ಯಾಹ್ನ ಇಪ್ಪತ್ತೇಳನೆಯ ಹರಳಿಗೆ ಅಂಕಿ ಸರ್ರನೆ ಏರತೊಡಗಿತು. ನೂರು ದಾಟಿತು, ನೂರೈವತ್ತು ದಾಟಿತು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ನೂರಾ ತೊಂಬತ್ತಕ್ಕೆ ಬಂದು ನಿಂತಿತು.

"ನಿಂತಿತಲ್ಲ, ಮುಂದಿಂದು ಹಾಕಿ" ಎಂದಳು ಕಲ್ಲಕ್ಕ. ದನಿ ಗಟ್ಟಿಯಾಗಿಯೇ ಇತ್ತು.

ನಾಲ್ಕು ಗಂಟೆಗೆ ನಲವತ್ತೂ ಮುಗಿದವು. ಮುನ್ನೂರರ ಹತ್ತಿರಕ್ಕೆ ಒಂದೂ ಸುಳಿಯಲಿಲ್ಲ. ಮಾವನ ಮೂರಕ್ಕೆ ಮೂರೂ ಮುನ್ನೂರು. ಇಟ್ಟಿಗೆಯ ನಲವತ್ತರಲ್ಲಿ ಅಂಥದ್ದು ಒಂದೇ ಒಂದೂ ಇಲ್ಲ. ಎರಡೂ ಒಂದೇ ಮನೆಯ ಮಕ್ಕಳಲ್ಲ ಎನ್ನಲು ಇನ್ನೇನು ಬೇಕು? ಮಾವ ಆರಿಸಿದ್ದು ಕಡಲಿನ ಹರಳುಗಳನ್ನೇ, ಆ ಮುಳುಗಿದ ನೆಲದ ಚೂರುಗಳನ್ನೇ. ನಿರ್ದೇಶಕರು ಕನ್ನಡಕ ತೆಗೆದು ಒರೆಸುತ್ತ, ಹಿಂದಕ್ಕೆ ಪಡೆದದ್ದನ್ನು ಮತ್ತೆ ಪ್ರಕಟಿಸಬೇಕು, ಮೊದಲು ಕಂಡವರು ಅವರೇ ಎಂದು ನಾನೇ ಬರೆಯುತ್ತೇನೆ ಎಂದರು. ಕಲ್ಲಕ್ಕ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅರ್ಧ ಇಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಮಾವ ಬಾಗಿಲ ಹತ್ತಿರವೇ ಕುರ್ಚಿ ಎಳೆದುಕೊಂಡು, ಬಡಿಯದಂತೆ ಅದನ್ನು ಕಾಲಲ್ಲಿ ಒತ್ತಿಹಿಡಿದು ಕೂತಿದ್ದರು.

"ಎಷ್ಟು ಹರಳು ನೋಡಿದ್ರಿ?" ಮೊದಲು ಕೇಳಿದ್ದು ಇದನ್ನೇ.

"ನಲವತ್ತು."

"ಎಲ್ಲಕ್ಕಿಂತ ಹಳೇದು?"

"ನೂರಾ ತೊಂಬತ್ತು ಕೋಟಿ. ಅದೂ ಒಂದೇ. ಉಳಿದದ್ದೆಲ್ಲ ಐವತ್ತು ಅರವತ್ತು."

ಮಾವ ತುಟಿಯಲ್ಲೇ ಏನೋ ಎಣಿಸಿದರು. "ನನ್ನವು ಮುನ್ನೂರು" ಎಂದರು.

"ಹೂಂ ಮಾವ. ನಿಮ್ಮವು ಮುನ್ನೂರು."

ಅವರು ಅತ್ತರು. ಮುಖ ಮುಚ್ಚಿಕೊಳ್ಳದೆ, ಮಕ್ಕಳು ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಕಲ್ಲಕ್ಕನೂ ಅತ್ತಳು. ಕೆಲಸದಿಂದ ಬಂದ ಗಂಡ ಇಬ್ಬರನ್ನೂ ನೋಡಿ ಗಾಬರಿಯಾಗಿ, ಏನು ಎತ್ತ ಎಂದು ಕೇಳದೆ ತಾನೇ ಚಹಾಕ್ಕೆ ನೀರಿಟ್ಟ. ಕಣ್ಣೊರೆಸಿಕೊಂಡು ಅವಳು ಅರ್ಧ ಇಟ್ಟಿಗೆಯನ್ನು ಮತ್ತೆ ಬಾಗಿಲಿಗಿಡಲು ಹೋದಾಗ ಮಾವ ಕೈ ಅಡ್ಡ ಚಾಚಿದರು. "ಅದು ಅಲ್ಲಿ ಬೇಡ" ಎಂದರು.

ಮರುದಿನ ಬೆಳಿಗ್ಗೆ ಕಲ್ಲಕ್ಕ ಹೊರಡುವ ಹೊತ್ತಿಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶೂ ಕಟ್ಟಿಕೊಂಡು, ಪೇಪರಿನಲ್ಲಿ ಸುತ್ತಿದ ಅರ್ಧ ಇಟ್ಟಿಗೆ ಹಿಡಿದು ಹೊರಬಾಗಿಲಲ್ಲಿ ನಿಂತಿದ್ದರು. ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಅವರ ತೋಳು ಹಿಡಿದುಕೊಂಡಳು. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಗೇಟಿನ ಕಾವಲುಗಾರ ಯಾರು ಇವರು ಎಂದು ಕೇಳಿದ್ದಕ್ಕೆ ಕಲ್ಲಕ್ಕ, "ಕೋಣೆ ಯಜಮಾನರು" ಎಂದಳು.

ನೆಲಮಾಳಿಗೆಯ ಕೊನೆಯ ಬಾಗಿಲ ಮುಂದೆ ಮಾವ ನಿಂತರು. ಪೇಪರ್ ಬಿಚ್ಚಿ, ಅರ್ಧ ಇಟ್ಟಿಗೆಯನ್ನು ಹೊಸ್ತಿಲ ಹೊರಗೆ, ಕಾರಿಡಾರಿನ ಗೋಡೆಗೆ ತಾಗಿಸಿ ಕೆಳಗಿಟ್ಟರು. ಅದು ಒಳಗೆ ಬರಕೂಡದು, ಪಾಠ ಪಾಠವೇ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಗರಗಸದ ಅಂಚನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಗೋಡೆಯ ಮೊಳೆಯ ಕಡೆ ತಿರುಗಿದರು.

"ನನ್ನ ಏಪ್ರನ್ ಎಲ್ಲಿ?"

ಮೂವತ್ತೊಂದು ವರ್ಷದಿಂದ ಕಲ್ಲಕ್ಕ ಬೇರೆ ಏಪ್ರನ್ ತರಿಸಿಕೊಂಡಿರಲಿಲ್ಲ. ಆಗಷ್ಟೇ ಕಟ್ಟಿಕೊಂಡದ್ದನ್ನು ಬಿಚ್ಚಿ, ಅವರ ಕೊರಳಿಗೆ ಹಾಕಿ, ಹಿಂದೆ ಹೋಗಿ ಗಂಟು ಕಟ್ಟಿದಳು.